ಮೋಟಾರ್ ಸೈಕಲ್ಲಿಗೆ ಕಟ್ಟಿದ ಅರಗಿನ ತೊಟ್ಟಿಲು

ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಎನ್ನುವ ವಯಸ್ಸಿನಲ್ಲಿ ನಾನು ಎರಡನೆಯ ಸಲ ಮೋಟಾರ್ ಸೈಕಲ್ ಹತ್ತಿದೆ. ಹತ್ತಿದೆ ಅನ್ನುವುದೂ ದೊಡ್ಡ ಮಾತೇ. ಕಾಲು ಅಷ್ಟೆತ್ತರ ಏಳಲಿಲ್ಲ. ಇಬ್ಬರು ಸೇರಿ ರಾಗಿ ಮೂಟೆ ಎತ್ತಿದ ಹಾಗೆ ಎತ್ತಿ ಕೂರಿಸಿದರು. ಓದುವವರು ನಗುವುದಾದರೆ ಈಗಲೇ ನಕ್ಕು ಮುಗಿಸಿ. ನಿಮ್ಮ ಮೊಣಕಾಲಿಗೂ ಒಂದು ದಿನ ವಯಸ್ಸಾಗುತ್ತದೆ. ಅದನ್ನು ನೋಡಿ ನಗಲು ಆಗ ನಾನಿರುವುದಿಲ್ಲ ಅನ್ನುವುದೊಂದೇ ನನಗೆ ಬೇಜಾರು.

ಮೊದಲನೆಯ ಸಲ ಹತ್ತಿದ್ದು ಹರೆಯದಲ್ಲಿ, ಮೈಸೂರು ಮಹಾರಾಜರ ಕಾಲದಲ್ಲಿ. ಆಗ ನಮ್ಮ ರಾಮನಗರಕ್ಕೆ ಕ್ಲೋಸ್‌ಪೇಟೆ ಎಂದೂ ಕನಕಪುರಕ್ಕೆ ಕಾನಕಾನಹಳ್ಳಿ ಎಂದೂ ಹೆಸರು. ಹಾಗೆ ಬರೆದರೆ ಮೊಮ್ಮಕ್ಕಳು "ಅದೆಲ್ಲೈತೆ ತಾತ?" ಎಂದು ಪ್ರಾಣ ತಿನ್ನುತ್ತಾರೆ, ಆದ್ದರಿಂದ ಈಗಿನ ಹೆಸರುಗಳನ್ನೇ ಹಿಡಿಯುತ್ತೇನೆ. ರಸ್ತೆ, ಮೋರಿ ಕಟ್ಟಿಸುವ ಕಂಟ್ರಾಕ್ಟರೊಬ್ಬರ ಹತ್ತಿರ ನಾನು ಮೇಸ್ತ್ರಿ. ಅವರು ಬೆಂಗಳೂರು ದಂಡಿನಲ್ಲಿ ಯಾವನೋ ಇಂಗ್ಲಿಷ್ ದೊರೆಯಿಂದ ಒಂದು ಮೋಟಾರ್ ಸೈಕಲ್ ಕೊಂಡು ತಂದರು. ತಂದ ಮೇಲೆ ಗೊತ್ತಾಯಿತು, ಅವರ ಹೊಟ್ಟೆಗೂ ಅದರ ಹ್ಯಾಂಡಲ್ಲಿಗೂ ಆಗಿಬರುವುದಿಲ್ಲ ಎಂದು. ಹೀಗೆ ಗಾಡಿ ನನ್ನ ಕೈಗೆ ಬಂತು.

ಆಹಾ, ಆ ದಿನಗಳು! ಚನ್ನಪಟ್ಟಣ, ಮಾಗಡಿ, ಕನಕಪುರ, ಎಲ್ಲಿ ಕೆಲಸ ನಡೆದರೂ ನಾನೇ ಹೋಗಬೇಕು, ನಾನೇ ಬರಬೇಕು. ಹಳ್ಳಿಯವರು ಅದನ್ನು ಫಟಫಟಿ ಎಂದು ಕರೆಯುತ್ತಿದ್ದರು. ಅದರ ಸದ್ದಿಗೆ ನಾಯಿಗಳು ಬೊಗಳುವುದನ್ನು ಮರೆಯುತ್ತಿದ್ದವು. ನಾನಂತೂ ಮೈಸೂರು ಸಂಸ್ಥಾನದ ಅರ್ಧ ನನ್ನದೇ ಎಂಬ ಗತ್ತಿನಲ್ಲಿ ಓಡಾಡುತ್ತಿದ್ದೆ. ಆಮೇಲೆ ಒಂದು ದಿನ ಮಾಗಡಿ ರಸ್ತೆಯ ತಿರುವಿನಲ್ಲಿ ಒಂದು ಎಮ್ಮೆ ನಿಂತಿತ್ತು. ನಾನು ಪೋಂ ಪೋಂ ಎಂದೆ. ಎಮ್ಮೆ ನನ್ನನ್ನು ನೋಡಿತು. ಎಮ್ಮೆಗೆ ಏನೂ ಆಗಲಿಲ್ಲ. ನನ್ನ ಬಲಗೈ ಎರಡು ಕಡೆ ಮುರಿಯಿತು.

ನನ್ನ ಹೆಂಡತಿಯ ತವರು ಕನಕಪುರದಾಚೆ ದೊಡ್ಡಆಲಹಳ್ಳಿ. ಆ ಕಡೆಯವರಿಗೆ ಕಬ್ಬಾಳಿನ ಅಮ್ಮ ಅಂದರೆ ಮುಗಿಯಿತು. ನೆಗಡಿಯಾದರೂ ಅಮ್ಮನಿಗೆ ಹೇಳಿಕೊಳ್ಳುತ್ತಾರೆ. ಇವಳು ಹಳದಿ ಬಟ್ಟೆಯಲ್ಲಿ ಕಾಸು ಕಟ್ಟಿ, "ಅಮ್ಮಾ, ಇವ್ರ ಕೈ ಕೂಡಿಸ್ಬುಡು. ಇನ್ನು ಆ ಗಾಡೀನ ಇವ್ರು ಮುಟ್ಟಾಕಿಲ್ಲ" ಎಂದು ಹರಕೆ ಹೊತ್ತುಬಿಟ್ಟಳು. ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಕೈ ಹಾಗೇ ಇರಲಿ ಅನ್ನುತ್ತಿದ್ದೆ! ಕೈ ಕೂಡಿತು. ಕಂಟ್ರಾಕ್ಟರು ಗಾಡಿಯನ್ನು ಯಾರಿಗೋ ಮಾರಿದರು. ಮೂವತ್ತಕ್ಕೂ ಹೆಚ್ಚು ವರ್ಷ ನಾನು ಎತ್ತಿನ ಗಾಡಿಯಲ್ಲಿ, ಜಟಕಾದಲ್ಲಿ, ಆಮೇಲೆ ಮೋಟಾರ್ ಬಸ್ಸಿನಲ್ಲಿ ಇತರ ಮನುಷ್ಯರ ಹಾಗೆ ಓಡಾಡಿದೆ. ಕೂದಲು ಉದುರಿತು. ಮಕ್ಕಳ ಮದುವೆಯಾಯಿತು. ಕೆಲಸ ಬಿಟ್ಟು ಜಗಲಿಯ ಮೇಲೆ ಕೂತೆ.

ಆಗ ಚನ್ನಪಟ್ಟಣದಿಂದ ನನ್ನ ಸ್ನೇಹಿತನೊಬ್ಬ ಹೇಳಿಕಳುಹಿಸಿದ. ಅವನು ಬೊಂಬೆ ಮಾಡುವ ಸಾಹೇಬ. ಬುಗುರಿ, ಗಿಲಕಿ, ಕುದುರೆ, ಕುಂಕುಮದ ಭರಣಿ, ಮರದಲ್ಲಿ ಏನು ಬೇಕಾದರೂ ಕಡೆದು ಬಣ್ಣದ ಅರಗು ಹಚ್ಚಿ ಕೈಗಿಡುತ್ತಿದ್ದ. ಮರ ಕಡೆಯುವ ಅವನ ತಿರುಗಣಿಯನ್ನು ಕೈಯಲ್ಲಿ ಎಳೆದು ತಿರುಗಿಸಬೇಕಾಗಿತ್ತು. ಅದಕ್ಕೊಂದು ಎಂಜಿನ್ ಕಟ್ಟಿದರೆ ಆರಾಮಾಗಿ ಬೀಡಿ ಸೇದಿಕೊಂಡು ಕೂರಬಹುದಲ್ಲ ಎಂದು ಯೋಚಿಸಿ ಎಲ್ಲಿಂದಲೋ ಒಂದು ಹಳೆಯ ಮೋಟಾರ್ ಸೈಕಲ್ ತಂದಿದ್ದ. ಪಟ್ಟಿ ಕಟ್ಟಿ ಎಂಜಿನ್ ಹೊಡೆದನಂತೆ. ಕಡೆಯುತ್ತಿದ್ದ ಬುಗುರಿ ಗುಂಡಿನಂತೆ ಹಾರಿ ಎದುರು ಮನೆಯ ಹಂಚು ಒಡೆದು ಒಳಗೆ ಸಾರಿನ ಮಡಕೆಗೆ ಬಿತ್ತಂತೆ. ಎದುರು ಮನೆಯವಳು ಅದನ್ನು ವಾಪಸ್ಸು ಅವನ ತಲೆಗೇ ಎಸೆದಳಂತೆ.

ನಾನು ಹೋಗಿ ನೋಡಿದೆ. ಟ್ಯಾಂಕಿನ ಎಡಗಡೆ ಒಂದು ತಗ್ಗು. ಎಮ್ಮೆಯ ಕೊಂಬು ಮಾಡಿದ ತಗ್ಗು.

"ಲೇ, ಇದು ನನ್ನ ಗಾಡಿ ಕಣ್ಲಾ!" ಎಂದು ಕೂಗಿದೆ.

"ಅರೆ, ಹಂಗಾದ್ರೆ ತಗಂಡು ಹೋಗೋ ಮಾರಾಯ. ನನ್ ಮನೆ ಹೆಂಗಸ್ರು ಇದನ್ನ ಇಲ್ಲೇ ಬುಟ್ರೆ ನನ್ನೂ ಇದ್ರ ಜತೆ ಆಚೆ ಹಾಕ್ತೀವಿ ಅಂತವ್ರೆ" ಎಂದ.

ಅವತ್ತೇ ನನ್ನನ್ನು ಎತ್ತಿ ಕೂರಿಸಿದ್ದು. ಹರಕೆ ನೆನಪಾಗಲಿಲ್ಲವೇ ಎಂದು ಕೇಳಬೇಡಿ. ಆಯಿತು. ಹರಕೆ ಹೊತ್ತವಳು ಅವಳು, ನಾನಲ್ಲ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಕೈ ತಾನಾಗಿ ಗೇರಿನ ಕೋಲು ಹುಡುಕಿತು, ಎಣ್ಣೆಯ ಪಂಪು ಒತ್ತಿತು. ಮೂಗಿಗೆ ಪೆಟ್ರೋಲಿನ ವಾಸನೆ ಹೊಡೆದದ್ದೇ ತಡ, ನನ್ನ ಮೈಯಿಂದ ಮೂವತ್ತು ವರ್ಷ ಇಳಿದು ರಸ್ತೆಗೆ ಬಿತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಪಂಚೆಯನ್ನು ಕಚ್ಚೆ ಹಾಕಿ ಬಿಗಿದು, ಪೇಟದ ಮೇಲೆ ಟವಲ್ ಕಟ್ಟಿ ಹೊರಟೆ. ಗಾಳಿ ಕಿವಿಯಲ್ಲಿ ಹೊಕ್ಕು ಏನೋ ಗುಟ್ಟು ಹೇಳುತ್ತಿತ್ತು. ಬಾಯಿಬಿಟ್ಟು ಹಾಡಿದೆ, ಒಂದು ನೊಣ ನುಂಗಿದೆ, ಮತ್ತೆ ಹಾಡಿದೆ. ಸೊಂಟ ನೋಯುತ್ತಿತ್ತು, ಕೈ ಜೋಮು ಹಿಡಿದಿತ್ತು, ಎಷ್ಟು ಸಂತೋಷವಾಯಿತು ಎಂದರೆ ಅಳು ಬಂತು. ಧೂಳು ಎಂದುಕೊಂಡೆ. ಧೂಳಲ್ಲ.

ಗಾಡಿಯನ್ನು ಊರಾಚೆ ಒಂದು ಹುಲ್ಲಿನ ಮೆದೆಯ ಹಿಂದೆ ಬಚ್ಚಿಟ್ಟು, ವಾಕಿಂಗ್ ಎಂದು ಹೇಳಿ ದಿನವೂ ಹೋಗತೊಡಗಿದೆ. ವಾಕಿಂಗಿಗೆ ಹೋದವನು ಮೂತಿಗೆ ಮಸಿ ಮೆತ್ತಿಕೊಂಡು ಬರುವುದನ್ನು ಕಂಡು ಹೆಂಡತಿಗೆ ಅನುಮಾನ ಬಂದಿತ್ತು. ಸಿಕ್ಕಿಬಿದ್ದದ್ದು ಮಾತ್ರ ಮಾಗಡಿ ಕಡೆಯಿಂದ. ಅವಳ ಅಕ್ಕನನ್ನು ಕೊಟ್ಟಿರುವುದು ಅಲ್ಲಿನ ಕೆಂಪಾಪುರಕ್ಕೆ. ಮನೆತುಂಬ ರೇಷ್ಮೆ ಹುಳು. ಹುಳು ಪೊರೆ ಬಿಡುವ ಹೊತ್ತಿಗೆ ಮೇವು ತಿನ್ನದೆ, ಅಲುಗದೆ ತಲೆಯೆತ್ತಿ ಕೂರುತ್ತದೆ. ಅದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಮನೆಯವರು ಬಾಣಂತಿ ಕೋಣೆಯ ಹತ್ತಿರ ಓಡಾಡುವ ಹಾಗೆ ಹೆಜ್ಜೆ ಸದ್ದಿಲ್ಲದೆ ಓಡಾಡುತ್ತಾರೆ. ಸರಿಯಾಗಿ ಅಂಥ ದಿನ ನಾನು ಅವರ ಮನೆ ಮುಂದೆ ಫಟಫಟ ಎಂದು ಹೋಗಿದ್ದೆ, ಸಾಲದ್ದಕ್ಕೆ ಪೋಂ ಎಂದೂ ಅನ್ನಿಸಿದ್ದೆ. ಆ ಅಕ್ಕ ಮಾರನೆಯ ದಿನವೇ ಬಸ್ಸು ಹತ್ತಿ ಬಂದರು.

"ನಿನ್ ಗಂಡ್ನಿಗೆ ಮುದಿ ವಯಸ್ಸಲ್ಲಿ ಏನ್ ಬಂದದೆ ಕಣವ್ವಾ? ಜ್ವರಕ್ಕೆ ಕೂತಿದ್ದ ಹುಳಾ ಎಲ್ಲಾ ಬೆಚ್ಚಿ ಬಿದ್ದವೆ!"

ಹುಳು ಬೆಚ್ಚಿಬೀಳುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಹೆಂಡತಿ ಬೆಚ್ಚಿಬಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಬೆಳ್ಳಗಾಗಿ ಗೋಡೆಗೆ ಒರಗಿ ಕೂತಳು.

"ಹರಕೆ ಮುರಿದ್ಬುಟ್ರಲ್ಲಾ... ಅಮ್ಮ ಸುಮ್ಕೆ ಬುಡ್ತಾಳಾ? ನಿಮ್ಗೇನಾರಾ ಆದ್ರೆ ನಾನೇನ್ ಮಾಡ್ಲಿ?"

ನಾನು ಒಳಗೆ ಹೋಗಿ ಒಂದು ಚೊಂಬು ನೀರು ತಂದು ಅವಳ ಮುಂದಿಟ್ಟೆ.

ಅತ್ತು ಮುಗಿದ ಮೇಲೆ ಅವಳೇ ತೀರ್ಮಾನ ಹೇಳಿದಳು. ಶುಕ್ರವಾರ ಕಬ್ಬಾಳಿಗೆ ಹೋಗುವುದು, ತಪ್ಪುಕಾಣಿಕೆ ಕಟ್ಟುವುದು, ಅಮ್ಮನಿಗೆ ಹೂ ಮುಡಿಸಿ ಕೇಳುವುದು. ದೇವಿಯ ತಲೆಯ ಎರಡೂ ಕಡೆ ಹೂವಿಟ್ಟು ಕೇಳಿಕೊಂಡರೆ, ಬಲಗಡೆಯ ಹೂ ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ. ಎಡಗಡೆ ಬಿದ್ದರೆ ಗಾಡಿಯನ್ನು ಅಲ್ಲೇ ಅಮ್ಮನಿಗೆ ಒಪ್ಪಿಸಿ ನಡೆದುಕೊಂಡು ಬರುವುದು. ಆದ್ದರಿಂದ ಗಾಡಿಯೂ ಬರಬೇಕು.

"ಹಂಗಾದ್ರೆ ನೀನೂ ಅದ್ರ ಮೇಲೇ ಬರ್ಬೇಕಾಯ್ತದೆ" ಎಂದೆ.

"ಗಂಡಸ್ರಂಗೆ ಕಾಲು ಆ ಕಡೆ ಈ ಕಡೆ ಹಾಕ್ಕಂಡು ಕೂರಾಕಾಯ್ತದಾ? ಏನಾರಾ ಮಾಡಿ" ಎಂದು ಒಳಗೆ ಹೋದಳು.

ಓಡಿದೆ ಸಾಹೇಬನ ಹತ್ತಿರ. ಅವನು ಹಣೆ ಕೆರೆದು, "ಅಕ್ಕಯ್ಯಂಗೆ ಪಕ್ಕದಲ್ಲಿ ಒಂದು ತೊಟ್ಲು ಕಟ್ಕೊಡ್ತೀನಿ, ರಾಣಿಯಂಗೆ ಕೂತು ಬರ್ಲಿ" ಎಂದ. ದೊರೆಗಳ ಮೋಟಾರ್ ಸೈಕಲ್ಲಿಗೆ ಪಕ್ಕದಲ್ಲಿ ಅಂಥದ್ದು ಇರುವುದನ್ನು ನಾವಿಬ್ಬರೂ ನೋಡಿದ್ದೆವು. ಆದರೆ ದೊರೆಗಳದ್ದು ತಗಡಿನದು. ಇವನಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ. ಬೊಂಬೆಯನ್ನೇ ದೊಡ್ಡದು ಮಾಡಿದ, ಅಷ್ಟೆ. ಬೊಂಬೆ ಮಾಡುವ ಮರದ್ದೇ ತೊಟ್ಟಿಲು. ಹೊರಗೆ ಹಳದಿ, ಹಸಿರು ಪಟ್ಟೆ. ಮುಂದುಗಡೆ ಎರಡು ಗಿಳಿ. ಕೂರುವ ಹಲಗೆಗೆ ಕೆಂಪು ಅರಗನ್ನು ದಪ್ಪವಾಗಿ ಕಾಯಿಸಿ ಬಳಿದು, ತಾಳೆಗರಿಯಲ್ಲಿ ಉಜ್ಜಿ ಮುಖ ಕಾಣುವ ಹಾಗೆ ಹೊಳಪು ಕೊಟ್ಟಿದ್ದ. ಚಕ್ರ ಜಟಕಾದ್ದು. ಗಾಡಿಯ ಕಡೆ ರಬ್ಬರು, ತೊಟ್ಟಿಲಿನ ಕಡೆ ಕಬ್ಬಿಣದ ಪಟ್ಟಿ. ಹೊರಟರೆ ಊರಿಗೆಲ್ಲ ಗೊತ್ತಾಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಹಸಿರು ರೇಷ್ಮೆ ಸೀರೆ ಉಟ್ಟು, ಹಣೆತುಂಬ ಕುಂಕುಮ ಇಟ್ಟು, ಮಡಿಲಲ್ಲಿ ಹಣ್ಣುಕಾಯಿ ಹಿಡಿದು ಅವಳು ತೊಟ್ಟಿಲಲ್ಲಿ ಕೂತಳು. ರಾಮನಗರದ ಬೀದಿಯೇ ಬಾಗಿಲಿಗೆ ಬಂದಿತ್ತು. "ಅಜ್ಜಿಗೆ ಗಿಲಕಿ ಕೊಡ್ರಪ್ಪೋ!" ಎಂದು ಯಾವನೋ ಕೂಗಿದ. ಅವನ ವಂಶ ನೆಟ್ಟಗಿರಲಿ.

ಹೊರಡುವಾಗ ಕಣ್ಣು ಮುಚ್ಚಿದವಳು ಅರ್ಧ ದಾರಿಯವರೆಗೆ ತೆಗೆಯಲಿಲ್ಲ. "ಅಮ್ಮಾ ತಾಯೇ, ಅಮ್ಮಾ ತಾಯೇ" ಎನ್ನುವುದು ಎಂಜಿನ್ನಿನ ಸದ್ದಿನ ನಡುವೆ ಕೇಳುತ್ತಿತ್ತು. ಮೆಲ್ಲಗೆ ಒಂದು ಕಣ್ಣು ತೆಗೆದಳು. ಆಮೇಲೆ ಇನ್ನೊಂದು. ಕನಕಪುರ ದಾಟಿದ ಮೇಲೆ ಮುಂದೆ ಒಂದು ಕಮಾನು ಗಾಡಿ ಹೋಗುತ್ತಿತ್ತು. ಒಳಗಿದ್ದವಳು ದೊಡ್ಡಆಲಹಳ್ಳಿಯ ಅವಳ ಅಣ್ಣನ ಹೆಂಡತಿ. ನಮ್ಮ ಮನೆಗೆ ಬಂದಾಗಲೆಲ್ಲ ತಮ್ಮ ಕಮಾನು ಗಾಡಿಯ ಮೆತ್ತೆಯನ್ನು ಹೊಗಳಿ ಹೊಗಳಿ ನಮ್ಮ ತಲೆ ತಿನ್ನುತ್ತಿದ್ದವಳು ಅವಳೇ.

ಹೆಂಡತಿ ಬೆನ್ನು ನೆಟ್ಟಗೆ ಮಾಡಿದಳು. ಸೆರಗು ಸರಿಮಾಡಿಕೊಂಡಳು.

"ಒಸಿ ಜೋರಾಗಿ ಓಡ್ಸಿ" ಎಂದಳು.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. "ಏನಂದೆ?"

"ಕಿವಿ ಕೇಳಾಕಿಲ್ವಾ? ಓಡ್ಸಿ ಅಂದೆ! ಆ ಪೋಂ ಪೋಂ ಎಲ್ಲೈತೆ? ಈ ಕಡೆ ಕೊಡಿ!"

ರಬ್ಬರಿನ ಹಾರ್ನ್ ಹ್ಯಾಂಡಲ್ಲಿನ ತೊಟ್ಟಿಲ ಕಡೆಯ ತುದಿಯಲ್ಲೇ ಇತ್ತು, ಅವಳ ಕೈಗೆ ಎಟುಕುವಂತೆ. ಹಿಂಡಿದಳು. ಎತ್ತುಗಳು ಗಾಡಿಯನ್ನು ಎಳೆದುಕೊಂಡು ಹುರುಳಿ ಹೊಲಕ್ಕೆ ಇಳಿದವು. ನಾವು ಧೂಳೆಬ್ಬಿಸಿ ಮುಂದೆ ಹೋದೆವು. ತಿರುಗಿ ನೋಡಿದೆ. ಬಾಯಿಗೆ ಸೆರಗು ಅಡ್ಡ ಹಿಡಿದು, ಭುಜ ಕುಣಿಸಿ ನಗುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಅಡುಗೆಮನೆಯಲ್ಲಿ ಕದ್ದು ನಗುತ್ತಿದ್ದಳಲ್ಲ, ಅದೇ ನಗು. ಎಷ್ಟು ವರ್ಷವಾಗಿತ್ತು ಅದನ್ನು ನೋಡಿ! ಅಲ್ಲಿಂದ ಕಬ್ಬಾಳಿನವರೆಗೆ ದಾರಿಯಲ್ಲಿ ಸಿಕ್ಕ ಕುರಿ, ಕೋಳಿ, ಮರ, ಮೈಲಿಕಲ್ಲು ಎಲ್ಲಕ್ಕೂ ಪೋಂ ಪೋಂ.

ಕಬ್ಬಾಳಿನ ಬೆಟ್ಟ ಕಂಡಿತು. ಗುಡಿಯ ಮುಂದೆ ನಿಲ್ಲಿಸಿದೆ. ಇಳಿದು ಸೊಂಟ ನೆಟ್ಟಗೆ ಮಾಡಿಕೊಂಡೆ. ಅವಳು ಇಳಿಯಲಿಲ್ಲ.

"ಇಳಿಯೇ, ಹೊತ್ತಾಯ್ತು."

"ಏಳಾಕಾಯ್ತಿಲ್ಲ."

"ಕಾಲು ಜೋಮು ಹಿಡಿದೈತಾ?"

"ಕಾಲಲ್ಲ ಅಂದ್ರೆ... ಸೀರೆ."

ಹೊಗೆ ಬಿಡುವ ಕೊಳವೆ ತೊಟ್ಟಿಲಿನ ಅಡಿಯಲ್ಲೇ ಹಾದುಹೋಗಿತ್ತು. ಕನಕಪುರದ ಬಿಸಿಲು ಮೇಲಿಂದ, ಎಂಜಿನ್ನಿನ ಬಿಸಿ ಕೆಳಗಿಂದ. ಅರಗು ಕರಗಿ, ನಿಂತ ಮೇಲೆ ಗಾಳಿಗೆ ಮತ್ತೆ ಗಟ್ಟಿಯಾಗಿತ್ತು. ಹುಟ್ಟಿದಾರಭ್ಯ ಅರಗು ಕಾಯಿಸಿಯೇ ಹೊಟ್ಟೆ ಹೊರೆದ ಮನುಷ್ಯ ಅರಗು ಕಾದರೆ ಕರಗುತ್ತದೆ ಎನ್ನುವುದನ್ನು ಮರೆತಿದ್ದ! ಆಮೇಲೆ ಜಗಳಕ್ಕೆ ಹೋದಾಗ ಅವನು ಹೇಳಿದ್ದೇನು ಗೊತ್ತೇ? "ಬುಡ್ತಾ? ಸೀರೆ ಬುಡ್ತಾ? ಇಲ್ಲ ತಾನೇ? ಅದು ಅಸಲಿ ಅರಗು ಕಣ್ಲಾ!"

ಜನ ಸೇರಿದರು. ಎಳೆಯುವುದೇ, ಬೇಡವೇ ಎಂದು ಚರ್ಚೆಯಾಯಿತು. ಎಳೆದರೆ ಸೀರೆ ಹರಿದು ಅಮ್ಮನ ಮುಂದೆಯೇ ಮಾನ ಹೋಗುತ್ತದೆ. ಕೊನೆಗೆ ನಾನು ಪಾನಾ ಹಿಡಿದು ಬೋಲ್ಟು ಬಿಚ್ಚಿದೆ. ನಾಲ್ಕು ಜನ ಗಟ್ಟಿಗರು ತೊಟ್ಟಿಲನ್ನು ಹೆಗಲ ಮೇಲಿಟ್ಟುಕೊಂಡರು. ಮುಂದೆ ಎರಡು ಗಿಳಿ, ಪಕ್ಕದಲ್ಲಿ ಜಟಕಾದ ಚಕ್ರ, ಮೇಲೆ ಹಣ್ಣುಕಾಯಿ ಹಿಡಿದ ನನ್ನ ಹೆಂಡತಿ. ಎಲ್ಲಿಂದಲೋ ಬಂದಿದ್ದ ಒಬ್ಬ ಮುದುಕಿ, ಇದು ಯಾವ ಊರಿನ ದೇವರು ಎಂದು ಕೇಳಿ ಕೈ ಮುಗಿದೇಬಿಟ್ಟಳು. ಹೆಂಡತಿ ಪಾಪ, ಅವಳಿಗೊಂದು ಬಾಳೆಹಣ್ಣು ಕೊಟ್ಟಳು.

ಗುಡಿಯ ಬಾಗಿಲ ಮುಂದೆ ಇಳಿಸಿದರು. ಪೂಜಾರಪ್ಪ ಮೇಲಿಂದ ಕೆಳಗೆ ನೋಡಿದ.

"ಅಮ್ಮನ ಮುಂದೆ ಎದ್ದು ನಿಂತ್ಕಬೇಕು ಕಣವ್ವ."

"ಏಳಾಕಾದ್ರೆ ನಿಂತ್ಕತಿರ್ಲಿಲ್ವಾ ಪೂಜಾರಪ್ಪ? ಅಮ್ಮಂಗೆ ಗೊತ್ತಾಯ್ತದೆ, ನೀವು ಹೂವಿಕ್ಕಿ."

ಹೂವಿಟ್ಟರು. ನನಗೆ ಆಗ ನಗು ನಿಂತುಹೋಯಿತು. ಬಾಗಿಲಾಚೆ ಬಿಸಿಲಿನಲ್ಲಿ ಒಂಟಿಯಾಗಿ ನಿಂತಿದ್ದ ಗಾಡಿಯನ್ನು ತಿರುಗಿ ನೋಡಿದೆ. ಇನ್ನೊಂದು ಸಲ ಜಗಲಿಗೆ ಹೋಗಿ ಕೂರಲು ನನ್ನಿಂದಾಗದು ಅನ್ನಿಸಿತು. ಕೂತರೆ ಏಳುವುದಿಲ್ಲ, ಅರಗೇ ಬೇಕಾಗಿಲ್ಲ.

ಅವಳು ಕಣ್ಣು ಮುಚ್ಚಿ ಗಟ್ಟಿಯಾಗಿ ಕೇಳಿದಳು. "ಅಮ್ಮಾ, ಇವ್ರು ಈ ಗಾಡಿ ಓಡಿಸ್ಬೌದಾ?"

ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹೂ ಬಿತ್ತು. ಎಡಗಡೆ.

"ಆಗಾಕಿಲ್ಲ ಅಂತಾಳೆ ಅಮ್ಮ" ಎಂದ ಪೂಜಾರಪ್ಪ.

ನಾನು ಟವಲ್ಲಿನಿಂದ ಮುಖ ಒರೆಸಿಕೊಂಡೆ. ಆಯಿತು, ಬಿಡು ಎಂದುಕೊಂಡೆ. ಗಾಡಿಯನ್ನು ಎಲ್ಲಿ ನಿಲ್ಲಿಸಿ ಬಿಟ್ಟುಹೋಗಲಿ ಎಂದು ಕೇಳಲು ಬಾಯಿ ತೆಗೆಯುತ್ತಿದ್ದೆ.

"ಪೂಜಾರಪ್ಪ, ಇನ್ನೊಂದು ಹೂವಿಕ್ಕಿ" ಎಂದಳು ಹೆಂಡತಿ.

"ಒಂದು ಮಾತ್ಗೆ ಒಂದೇ ಹೂವು ಕಣವ್ವ. ಬೇಕಾದಂಗೆ ಬೀಳೋವರ್ಗೂ ಕೇಳಾಕೆ ಇದೇನ್ ಸಂತೆಯಾ?"

"ಇದು ಬ್ಯಾರೆ ಮಾತು. ನಾನು ಕೇಳಿದ್ದು ಸರಿಯಾಗಿರ್ಲಿಲ್ಲ. ಅಮ್ಮ ಏನ್ ಮಾಡ್ತಾಳೆ, ಕೇಳಿದ್ದಕ್ಕೆ ಹೇಳಿದ್ಲು."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಅವನು ಒಪ್ಪಲಿಲ್ಲ. ಅವಳು ಬಿಡಲಿಲ್ಲ. ಹೂವಿಡುವವರೆಗೆ ತಾನು ಇಲ್ಲಿಂದ ಏಳುವುದಿಲ್ಲ ಎಂದಳು. ಆ ಮಾತನ್ನು ಮಾತ್ರ ಅಲ್ಲಿದ್ದವರೆಲ್ಲ ನಂಬಿದರು. ಪೂಜಾರಪ್ಪ ಗೊಣಗಿಕೊಂಡು ಹೂವಿಟ್ಟ.

"ಅಮ್ಮಾ, ಇವ್ರೊಬ್ರೇ ಓಡ್ಸೋದು ಬ್ಯಾಡ. ಅದು ನಂಗೂ ಒಪ್ಗೆ. ಪಕ್ಕದಲ್ಲಿ ನಾನೂ ಕೂತ್ಕತೀನಿ. ಆಗೋದಾದ್ರೆ ಇಬ್ರಿಗೂ ಆಗ್ಲಿ. ಈಗೇಳು."

ಹೂ ತಕ್ಷಣ ಬಿತ್ತು. ಬಲಗಡೆ.

ನಾಲ್ಕು ಜನ ಗಟ್ಟಿಗರು ಹೋ ಎಂದು ಕೂಗಿದರು. ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟೆ. "ಯಾಕ್ರೀ, ನಿಮ್ಗೂ ಅರಗು ಅಂಟ್ಕಂತಾ?" ಎಂದಳು.

ಊರಿನ ಹೆಂಗಸೊಬ್ಬಳು ಕುಡುಗೋಲು ತಂದು ಸೀರೆಯ ಹಿಂಭಾಗವನ್ನು ಸುತ್ತಲೂ ಕತ್ತರಿಸಿ ಇವಳನ್ನು ಬಿಡಿಸಿದಳು. ಇವಳು ನನ್ನ ಅಂಗವಸ್ತ್ರ ಸುತ್ತಿಕೊಂಡಳು. ಹಸಿರು ರೇಷ್ಮೆಯ ತುಂಡು, ಅಂಚಿನ ಸಮೇತ, ಕೆಂಪು ಹಲಗೆಯ ಮೇಲೆ ಹಾಗೇ ಉಳಿಯಿತು. ಸಾಹೇಬ ಕೊಳವೆಯನ್ನು ಆಚೆ ಕಡೆಗೆ ತಿರುಗಿಸಿಕೊಟ್ಟ, ಆ ತುಂಡನ್ನು ಮಾತ್ರ ಅವನಿಂದಲೂ ಬಿಡಿಸಲಾಗಲಿಲ್ಲ. ಅದೇ ಮೆತ್ತೆ ಎಂದುಕೊಂಡು ಅದರ ಮೇಲೆಯೇ ಕೂರುತ್ತಿದ್ದಳು.

ಅಮ್ಮನ ಮಾತನ್ನು ಅವಳು ಪಾಲಿಸಿದ ರೀತಿಯನ್ನು ಏನು ಹೇಳಲಿ! ನಾನು ಕ್ಷೌರಕ್ಕೆ ಹೋದರೂ ಅವಳು ಬರಬೇಕು. ಒಲೆಯ ಮೇಲಿನ ಸಾರನ್ನು ಇಳಿಸಿ, ಬೈದುಕೊಂಡು ಬಂದು ಕೂರುತ್ತಿದ್ದಳು. ಒಂದೊಂದು ದಿನ ನನಗೆ ಎಲ್ಲಿಗೂ ಹೋಗುವ ಕೆಲಸವಿರುತ್ತಿರಲಿಲ್ಲ, ಆಗ ಅವಳೇ "ಕೂದ್ಲು ಬೆಳ್ದೈತೆ, ಕ್ಷೌರ ಮಾಡಿಸ್ಕಬಾರ್ದಾ?" ಅನ್ನುತ್ತಿದ್ದಳು. ನನ್ನ ತಲೆಯಲ್ಲಿ ಕೂದಲೇ ಇರಲಿಲ್ಲ. ಮಾಗಡಿಗೆ ಹೋದೆವು, ಹುಳು ಜ್ವರಕ್ಕೆ ಕೂತಿದೆಯೋ ಇಲ್ಲವೋ ವಿಚಾರಿಸಿಕೊಂಡೇ ಹೋದೆವು. ದೊಡ್ಡಆಲಹಳ್ಳಿಗಂತೂ ಕಾರಣವಿಲ್ಲದೆ ಎಷ್ಟು ಸಲ ಹೋದೆವೋ. ಅವಳ ಅಣ್ಣನ ಹೆಂಡತಿ ಕಮಾನು ಗಾಡಿಯ ಸುದ್ದಿ ಎತ್ತುವುದನ್ನೇ ಬಿಟ್ಟಳು.

ಹೆಂಡತಿ ತೀರಿಕೊಂಡ ವರ್ಷ ನಾನು ಗಾಡಿಯ ಮೇಲೆ ಗೋಣಿತಾಟು ಹೊದಿಸಿದೆ. ಒಬ್ಬನೇ ಓಡಿಸುವುದು ಬೇಡ ಎಂದು ಎಡಗಡೆಯ ಹೂ ಹೇಳಿತ್ತಲ್ಲ. ಜಗಲಿಯ ಮೇಲೆ ಕೂತೆ. ಯಾರೊಂದಿಗೂ ಜಗಳವಾಡಲಿಲ್ಲ. ಅದನ್ನು ನೋಡಿ ಮಗ ಹೆದರಿ ಚನ್ನಪಟ್ಟಣಕ್ಕೆ ಹೇಳಿಕಳುಹಿಸಿದ.

ಸಾಹೇಬ ಬಂದ. ಅವನಿಗೂ ಈಗ ಕಣ್ಣು ಮಂಜು, ಕೋಲು ಬೇಕು. ನೇರ ಹಿತ್ತಿಲಿಗೆ ಹೋಗಿ ಗೋಣಿತಾಟು ಕಿತ್ತು ಹಾಕಿದ. ತೊಟ್ಟಿಲೊಳಗೆ ಕೈ ಹಾಕಿ ತಡವಿದ.

"ಲೇ, ಬಾ ಇಲ್ಲಿ. ಅಕ್ಕಯ್ಯ ಎದ್ದು ಹೋದ್ರು, ಸೀರೆ ಎದ್ದಿಲ್ಲ ಕಣ್ಲಾ. ಹೇಳ್ಲಿಲ್ವಾ, ಅಸಲಿ ಅರಗು ಅಂತ" ಎಂದ. ಹೇಳುತ್ತ ಅವನೇ ಅತ್ತ, ಮುಂಡೇದು.

ಪಂಚೆಯನ್ನು ಕಚ್ಚೆ ಹಾಕಿದೆ. ಮಗನೂ ಅವನೂ ಸೇರಿ ನನ್ನನ್ನು ಎತ್ತಿ ಕೂರಿಸಿದರು. ಸಾಹೇಬ ಕೋಲನ್ನು ಗೋಡೆಗೆ ಒರಗಿಸಿ ತೊಟ್ಟಿಲಿಗೆ ಕಾಲಿಡಲು ಹೋದ.

"ಅಲ್ಲಿ ಜಾಗ ಇಲ್ಲ, ಹಿಂದೆ ಕೂತ್ಕ" ಎಂದೆ.

ಅವನು ಇಟ್ಟ ಕಾಲನ್ನು ತೆಗೆದ. ತೊಟ್ಟಿಲಿನ ಕಡೆಗೆ ತಿರುಗಿ, "ತಪ್ಪಾಯ್ತು ಅಕ್ಕಯ್ಯ" ಎಂದು ಹೇಳಿ ನನ್ನ ಹಿಂದೆ ಏರಿ ಕೂತ.